ಗಾಂಜಾ: ಕಾನೂನು ಮತ್ತು ಬೆಲೆ
ಗಾಂಜಾ ಮಾರಾಟವನ್ನು ಕಾನೂನು ಒಪ್ಪಿದ ಮಾತ್ರಕ್ಕೆ ಕಾಳಸಂತೆ ಮುಚ್ಚುವುದಿಲ್ಲ. ಗಿರಾಕಿ ಎತ್ತ ಹೋಗುತ್ತಾನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೆಲೆ. ಉರುಗ್ವೆ 2017ರಲ್ಲಿ ಔಷಧದಂಗಡಿಗಳಲ್ಲಿ ಗ್ರಾಂಗೆ ಸುಮಾರು 1.30 ಡಾಲರಿನಂತೆ ಮಾರಾಟ ಆರಂಭಿಸಿತು. ಬೆಲೆ ಕಟ್ಟಿದ್ದು ಸರ್ಕಾರವೇ. ಕೆನಡಾ 2018ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಒಪ್ಪಿದಾಗ ಒಣಹೂವಿನ ಮೇಲೆ ಗ್ರಾಂಗೆ ಕನಿಷ್ಠ ಒಂದು ಡಾಲರ್ ಸುಂಕ ಹಾಕಿತು. ಅಂಗಡಿಯ ಸರಕು ಕಳ್ಳಸರಕಿಗಿಂತ ದುಬಾರಿಯಾಗಿ, ಅನೇಕರು ಹಳೆಯ ಮಾರಾಟಗಾರನನ್ನು ಬಿಡಲಿಲ್ಲ. ಬೆಲೆ ಇಳಿದಂತೆ ಅಂಗಡಿಯತ್ತ ಹೊರಳಿದರು.

ಈ ಲೆಕ್ಕ ಭಾರತಕ್ಕೆ ಹಳೆಯದು. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ್ದ ಗಾಂಜಾ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಪೂರ್ಣ ನಿಷೇಧ ಬೇಡ, ಪರವಾನಗಿ ಮತ್ತು ತೆರಿಗೆಯಿಂದ ಬಳಕೆಗೆ ಕಡಿವಾಣ ಹಾಕಿ ಎಂದಿತು. ತೆರಿಗೆ ಅತಿಯಾದರೆ ಕಳ್ಳಸಾಗಣೆಗೆ ದಾರಿ, ಕಡಿಮೆಯಾದರೆ ಚಟಕ್ಕೆ. ಇಂದಿನ ಸರ್ಕಾರಗಳು ಹುಡುಕುತ್ತಿರುವುದೂ ಈ ನಡುವಣ ಬೆಲೆಯನ್ನೇ.