ಟೆಕ್ಸಾಸ್‌ಗೆ ಹೋದರೆ ಒಳ್ಳೆಯ 'ಫೋ' ಹುಡುಕುವುದು ಹೇಗೆ?

ದುಬೈ ಮತ್ತು ದೋಹಾದಿಂದ ಹ್ಯೂಸ್ಟನ್‌ಗೂ ಡಲ್ಲಾಸ್‌ಗೂ ನೇರ ವಿಮಾನ ಇದೆ. ಹಾಗಾಗಿ ಅಣ್ಣನ ಮನೆಗೋ ಮಗಳ ಮನೆಗೋ ಅಂತ ರಜೆಯಲ್ಲಿ ಟೆಕ್ಸಾಸ್‌ಗೆ ಹೋಗಿ ಬರುವ ಗಲ್ಫ್ ಕನ್ನಡಿಗರು ಇದ್ದಾರೆ. ಅಲ್ಲಿ ನಮ್ಮ ನಾಲಿಗೆಗೆ ಹತ್ತಿರವಾದ, ಜೇಬಿಗೂ ತೀರಾ ಭಾರವಾಗದ ಒಂದು ಊಟ ಸಿಗುತ್ತದೆ. ಅದೇ ವಿಯೆಟ್ನಾಂನ ನೂಡಲ್ ಸೂಪ್, ಹೆಸರು 'ಫೋ'.

ದನದ ಎಲುಬನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ ತೆಗೆದ ತಿಳಿ ಸೂಪ್, ಒಳಗೆ ಅಕ್ಕಿಯ ಚಪ್ಪಟೆ ನೂಡಲ್ಸ್, ಮೇಲೆ ತೆಳ್ಳಗೆ ಕೊಯ್ದ ಮಾಂಸ. ಅದಕ್ಕೆ ಬೀಳುವುದು ಸುಟ್ಟ ಈರುಳ್ಳಿ, ಸುಟ್ಟ ಶುಂಠಿ, ಚಕ್ಕೆ, ಲವಂಗ, ಅನಾನಸ್ ಹೂ, ಕೊತ್ತಂಬರಿ ಬೀಜ. ಹೆಚ್ಚುಕಡಿಮೆ ನಮ್ಮ ಬಿರಿಯಾನಿ ಮಸಾಲೆಯೇ. ಪಾಯಾ ಕುಡಿದವರಿಗೆ ರುಚಿ ಬೇಗ ಹಿಡಿಸುತ್ತದೆ. ಆದರೆ ಇದರಲ್ಲಿ ಎಣ್ಣೆ, ಖಾರ ಕಡಿಮೆ. ಜೊತೆಗೆ ಮೀನಿನ ಸಾಸ್ ಹಾಕುತ್ತಾರೆ.

ಫೋ ಹುಟ್ಟಿದ್ದು ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಉತ್ತರ ವಿಯೆಟ್ನಾಂನಲ್ಲಿ. 1954ರಲ್ಲಿ ದೇಶ ಎರಡಾದಾಗ ಲಕ್ಷಾಂತರ ಜನ ದಕ್ಷಿಣಕ್ಕೆ ಬಂದರು, ಜೊತೆಗೆ ಫೋ ಕೂಡ ಬಂತು. 1975ರ ಏಪ್ರಿಲ್ 30ರಂದು ಸೈಗಾನ್ ಬಿದ್ದ ಮೇಲೆ ನಿರಾಶ್ರಿತರು ಅಮೆರಿಕ ಸೇರಿದರು. ಇವತ್ತು ಕ್ಯಾಲಿಫೋರ್ನಿಯಾ ಬಿಟ್ಟರೆ ಅತಿ ಹೆಚ್ಚು ವಿಯೆಟ್ನಾಮಿಗಳು ಇರುವುದು ಟೆಕ್ಸಾಸ್‌ನಲ್ಲಿ.

ಬಂದವರಿಗೆ ಹೂವಿನ ಹಾಸಿಗೆ ಏನೂ ಇರಲಿಲ್ಲ. ಹ್ಯೂಸ್ಟನ್ ಹತ್ತಿರದ ಸಮುದ್ರದಲ್ಲಿ ಸಿಗಡಿ ಹಿಡಿಯುತ್ತಿದ್ದ ವಿಯೆಟ್ನಾಮಿ ಮೀನುಗಾರರನ್ನು ಕು ಕ್ಲಕ್ಸ್ ಕ್ಲಾನ್ ಗುಂಪು ಬೆದರಿಸಿತು. ಅವರು ಹೆದರಿ ಓಡಲಿಲ್ಲ, ಕೋರ್ಟ್‌ಗೆ ಹೋದರು. 1981ರಲ್ಲಿ ಫೆಡರಲ್ ಕೋರ್ಟ್ ಅವರ ಪರವಾಗಿ ತಡೆಯಾಜ್ಞೆ ಕೊಟ್ಟಿತು. ನಮಗೆ ರಜೆ ಸಿಕ್ಕರೆ ಊರಿಗೆ ಹೋಗಬಹುದು. ಅವರಲ್ಲಿ ಬಹಳಷ್ಟು ಜನಕ್ಕೆ ಎಷ್ಟೋ ವರ್ಷ ಆ ದಾರಿಯೇ ಇರಲಿಲ್ಲ. ನಮ್ಮ ಕರಾವಳಿಯವರು ಮುಂಬೈಯಲ್ಲಿ ಉಡುಪಿ ಹೋಟೆಲ್ ಇಟ್ಟು ಮನೆಮಂದಿಯನ್ನೆಲ್ಲ ದಡ ಸೇರಿಸಿದ ಹಾಗೆ, ಅಲ್ಲಿ ಎಷ್ಟೋ ಕುಟುಂಬಗಳು ಫೋ ಅಂಗಡಿಯಿಂದ ಮಕ್ಕಳನ್ನು ಓದಿಸಿದವು.

ಎಲ್ಲಿ ಹುಡುಕಬೇಕು? ಹ್ಯೂಸ್ಟನ್‌ನಲ್ಲಿ ನಗರದ ನೈಋತ್ಯ ದಿಕ್ಕಿನ ಬೆಲೇರ್ ಬುಲೆವಾರ್ಡ್‌ಗೆ ಹೋಗಿ. ಮೈಲಿಗಟ್ಟಲೆ ವಿಯೆಟ್ನಾಮಿ ಬೋರ್ಡ್‌ಗಳೇ ಕಾಣುತ್ತವೆ. ಡಲ್ಲಾಸ್‌ಗೆ ಹೋದವರು ನಗರದ ಮಧ್ಯದಲ್ಲಿ ಹುಡುಕುವುದಕ್ಕಿಂತ ಪಕ್ಕದ ಗಾರ್ಲಂಡ್‌ನ ವಾಲ್ನಟ್ ಸ್ಟ್ರೀಟ್ ಅಥವಾ ಆರ್ಲಿಂಗ್ಟನ್‌ನ ಪಯೊನಿಯರ್ ಪಾರ್ಕ್‌ವೇ ಕಡೆ ಹೋಗುವುದು ಒಳ್ಳೆಯದು. ಆಸ್ಟಿನ್‌ನಲ್ಲಿ ಆಯ್ಕೆ ಸ್ವಲ್ಪ ಕಡಿಮೆ. ಅಲ್ಲಿ ನಾರ್ತ್ ಲಾಮಾರ್ ರಸ್ತೆಯ ಚೈನಾಟೌನ್ ಸೆಂಟರ್ ಸುತ್ತಮುತ್ತ ನೋಡಿ. ಹ್ಯೂಸ್ಟನ್‌ನಿಂದ ಡಲ್ಲಾಸ್ ಸುಮಾರು 385 ಕಿ.ಮೀ., ಆಸ್ಟಿನ್ ಸುಮಾರು 265 ಕಿ.ಮೀ. ಕಾರ್ ಇಲ್ಲದೆ ತಿರುಗಾಡುವುದು ಕಷ್ಟ.

ಒಳ್ಳೆಯ ಅಂಗಡಿ ಗುರುತಿಸುವುದು ಹೇಗೆ? ಹೊರಗಿನ ಅಲಂಕಾರ ನೋಡಬೇಡಿ. ಒಳಗೆ ವಿಯೆಟ್ನಾಮಿ ಅಜ್ಜ-ಅಜ್ಜಿಯರು ಮೊಮ್ಮಕ್ಕಳ ಜೊತೆ ಕೂತಿದ್ದರೆ ಧೈರ್ಯವಾಗಿ ಹೋಗಿ. ಫೋ ಅವರ ಬೆಳಗಿನ ತಿಂಡಿ. ರಾತ್ರಿಯಿಡೀ ಬೆಂದ ಸೂಪ್ ಬೆಳಗ್ಗೆ ಹೊಸದಾಗಿರುತ್ತದೆ, ಆದ್ದರಿಂದ ಬೇಗ ಹೋಗುವುದು ವಾಸಿ. ಬೌಲ್ ಬಂದ ಕೂಡಲೇ ಸಾಸ್ ಸುರಿಯಬೇಡಿ. ಮೊದಲು ಎರಡು ಚಮಚ ಸೂಪ್ ಹಾಗೇ ಕುಡಿಯಿರಿ. ಸೂಪ್ ತಿಳಿಯಾಗಿದ್ದು, ಕುದಿಯುವಷ್ಟು ಬಿಸಿಯಿದ್ದು, ಎಲುಬಿನ ಸಿಹಿ ನಾಲಿಗೆಗೆ ತಾಗಬೇಕು. ಬರೀ ಉಪ್ಪು ಅಥವಾ ಬರೀ ಚಕ್ಕೆ ವಾಸನೆ ಬಂದರೆ ಅದು ಅವಸರದ ಅಡುಗೆ. ಆಮೇಲೆ ಪಕ್ಕದ ತಟ್ಟೆಯ ಮೊಳಕೆ, ತುಳಸಿ ಜಾತಿಯ ಸೊಪ್ಪು, ನಿಂಬೆ, ಹಸಿಮೆಣಸು ಬೇಕಾದಷ್ಟು ಹಾಕಿಕೊಳ್ಳಿ.

ಆರ್ಡರ್ ಮಾಡುವ ಮೊದಲು ಕೆಲವು ಮಾತು ತಿಳಿದಿರಲಿ. 'ಫೋ ಬೋ' ಅಂದರೆ ದನದ ಮಾಂಸದ್ದು, 'ಫೋ ಗಾ' ಕೋಳಿಯದ್ದು, 'ಫೋ ಚಾಯ್' ಸಸ್ಯಾಹಾರಿ. ದನದ ಮಾಂಸ ತಿನ್ನದವರು ಕೋಳಿ ಹೇಳಿದರೆ ಸಾಲದು, ಸೂಪ್ ಕೂಡ ಕೋಳಿಯದ್ದೇ ತಾನೇ ಅಂತ ಕೇಳಬೇಕು. ಸಸ್ಯಾಹಾರಿಗಳು ಮೀನಿನ ಸಾಸ್ ಇದೆಯಾ ಅಂತ ವಿಚಾರಿಸಿ. ಹಲಾಲ್ ಬೇಕಾದವರು ಗಲ್ಫ್‌ನಲ್ಲಿ ಇದ್ದ ಹಾಗೆ ಎಲ್ಲ ಕಡೆ ಹಲಾಲ್ ಅಂದುಕೊಳ್ಳಬೇಡಿ. ಮಾಂಸ ಮತ್ತು ಸೂಪ್ ಎರಡರ ಬಗ್ಗೆಯೂ ಕೇಳಿ. ಮೆನುವಿನ ಬೇರೆ ಐಟಂಗಳಲ್ಲಿ ಹಂದಿ ಮಾಂಸ ಸಾಮಾನ್ಯ.

ಕೊನೆಗೆ ಬಿಲ್ಲಿನ ಲೆಕ್ಕ. ಯುಎಇಯಲ್ಲಿ ಮೆನು ಬೆಲೆಯಲ್ಲೇ 5% ವ್ಯಾಟ್ ಸೇರಿರುತ್ತದೆ. ಟೆಕ್ಸಾಸ್‌ನಲ್ಲಿ ಹಾಗಲ್ಲ, ಈ ಮೂರೂ ನಗರಗಳಲ್ಲಿ 8.25% ಸೇಲ್ಸ್ ಟ್ಯಾಕ್ಸ್ ಮೇಲಿಂದ ಬೀಳುತ್ತದೆ. ಟೇಬಲ್‌ಗೆ ತಂದು ಕೊಡುವ ಕಡೆ 15ರಿಂದ 20% ಟಿಪ್ ಕೊಡುವುದು ರೂಢಿ. ಬೌಲ್‌ಗೆ 14 ಡಾಲರ್ ಅಂತ ಇಟ್ಟುಕೊಳ್ಳಿ. ಟ್ಯಾಕ್ಸ್ 1.16, ಟಿಪ್ 15% ಅಂದರೆ 2.10, ಒಟ್ಟು 17.26 ಡಾಲರ್, ಅಂದರೆ ಸುಮಾರು 63 ದಿರ್ಹಂ. ಟಿಪ್ ಉಳಿಸಲು ಹೋಗಬೇಡಿ. ಅಲ್ಲಿ ಸರ್ವ್ ಮಾಡುವವರ ಸಂಬಳದ ದೊಡ್ಡ ಪಾಲು ಅದೇ. ಮನೆಗೆ ದುಡ್ಡು ಕಳಿಸುವವರ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?