ಇಸಿಎಂ ಬದಲಿಸುವವರ ಕೈಗುಣ

ಕೋಲಾರದ ಮಂಡಿಗೆ ಟೊಮೆಟೊ ಹೊರುವ ಡೀಸೆಲ್ ಪಿಕಪ್ಪೊಂದು ಬೆಳಗಿನ ಜಾವ ಸ್ಟಾರ್ಟ್ ಆಗದೆ ನಿಂತಿದೆ ಎಂದುಕೊಳ್ಳಿ. ಸೆಲ್ಫ್ ಹೊಡೆದರೆ ಎಂಜಿನ್ ಸುತ್ತುತ್ತದೆ, ಸೈಲೆನ್ಸರಿನಲ್ಲಿ ಹೊಗೆಯ ಸುಳಿವೇ ಇಲ್ಲ. ಕೀ ಆನ್ ಮಾಡಿದಾಗ ಹೊತ್ತಬೇಕಾದ ಚೆಕ್ ಲೈಟ್ ಹೊತ್ತಿಲ್ಲ. ಸ್ಕ್ಯಾನರ್ ಹಾಕಿದರೆ ಎಂಜಿನ್ ಕಡೆಯಿಂದ ಉತ್ತರವಿಲ್ಲ. ಸುತ್ತ ನೆರೆದವರಲ್ಲಿ ಒಬ್ಬರಾದರೂ "ಇಸಿಎಂ ಹೋಗಿದೆ ಬಿಡಿ" ಎಂದು ತೀರ್ಪು ಕೊಟ್ಟೇ ಕೊಡುತ್ತಾರೆ. ಸಾವಿರಾರು ರೂಪಾಯಿಯ ಬಾಬ್ತು ಅದು. ಕೇಳಿದ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಕಸುಬು ಬಲ್ಲ ಎಲೆಕ್ಟ್ರಿಷಿಯನ್ ಮಾತ್ರ "ಇರಿ ಅಣ್ಣಾ, ಮೊದಲು ಅರ್ಥ್ ನೋಡೋಣ" ಎಂದು ಬ್ಯಾಟರಿಯ ಕಡೆ ನಡೆಯುತ್ತಾರೆ. ಈ ಕಸುಬಿನ ಹೆಚ್ಚುಗಾರಿಕೆ ಇರುವುದು ಆ ಮಾತಿನಲ್ಲೇ.

ಇಸಿಎಂ, ಅಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್, ಅಂಗೈ ಅಗಲದ ಅಲ್ಯೂಮಿನಿಯಂ ಪೆಟ್ಟಿಗೆ. ಹಿಂದೆ ಡೀಸೆಲ್ ಎಂಜಿನ್ನಿಗೆ ಇಂಥದೊಂದು ಬೇಕಿರಲಿಲ್ಲ. ಬೆಂಗಳೂರಿನ ಮೈಕೊ, ಅಂದರೆ 2008ರಿಂದ ಬಾಷ್ ಲಿಮಿಟೆಡ್ ಎನಿಸಿಕೊಂಡ ಕಂಪನಿ, ತಯಾರಿಸುತ್ತಿದ್ದ ಇಂಜೆಕ್ಷನ್ ಪಂಪುಗಳೇ ಎಷ್ಟು ಡೀಸೆಲ್, ಯಾವಾಗ ಎಂಬುದನ್ನು ಸ್ಪ್ರಿಂಗು, ಪ್ಲಂಜರು, ಗವರ್ನರುಗಳ ಬಲದಿಂದ ನಿರ್ಧರಿಸುತ್ತಿದ್ದವು. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೊ 156 ಕಾರಿನೊಂದಿಗೆ ಕಾಮನ್ ರೈಲ್ ವ್ಯವಸ್ಥೆ, ಅಂದರೆ ರೈಲ್ ಎಂಬ ಒಂದೇ ಕೊಳವೆಯಲ್ಲಿ ಡೀಸೆಲನ್ನು ಭಾರಿ ಒತ್ತಡದಲ್ಲಿ ತುಂಬಿಟ್ಟು ಇಸಿಎಂ ಹೇಳಿದಂತೆ ಇಂಜೆಕ್ಟರುಗಳಿಂದ ಸಿಂಪಡಿಸುವ ಏರ್ಪಾಡು, ಪ್ರಯಾಣಿಕರ ಕಾರುಗಳಿಗೆ ಬಂತು. ನಮ್ಮಲ್ಲಿ 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ತರಕಾರಿ ಹೊರುವ ಪಿಕಪ್ಪೂ ಪೂರ್ತಿಯಾಗಿ ಈ ಪೆಟ್ಟಿಗೆಯ ಅಂಕೆಗೆ ಬಂತು.

ಅದರ ಕೆಲಸ ಎಷ್ಟು ನಾಜೂಕಿನದು ಎಂಬುದಕ್ಕೆ ಒಂದು ಲೆಕ್ಕ ನೋಡಿ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಕ್ರ್ಯಾಂಕ್‌ಶಾಫ್ಟ್ ಒಂದು ಡಿಗ್ರಿ ಸರಿಯಲು ಬೇಕಾಗುವ ಸಮಯ ಸೆಕೆಂಡಿನ ಹನ್ನೆರಡು ಸಾವಿರದಲ್ಲಿ ಒಂದು ಭಾಗ. ಇಸಿಎಂ ಆ ಲೆಕ್ಕದಲ್ಲಿ ಇಂಜೆಕ್ಟರ್ ತೆರೆದು ಮುಚ್ಚಬೇಕು, ಅದೂ ಒಂದೊಂದು ಸ್ಫೋಟಕ್ಕೆ ಒಂದಕ್ಕಿಂತ ಹೆಚ್ಚು ಸಲ. ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಯಲು ಹಲವು ಎಂಜಿನ್‌ಗಳಲ್ಲಿ 60 ಹಲ್ಲಿನ ಜಾಗದಲ್ಲಿ 2 ಹಲ್ಲು ಬಿಟ್ಟ ಚಕ್ರವಿರುತ್ತದೆ. ಆ ಖಾಲಿ ಜಾಗ ಸೆನ್ಸರಿನ ಮುಂದೆ ಹಾದುಹೋದಾಗಲೇ ಲೆಕ್ಕ ಆರಂಭ. ರೈಲಿನೊಳಗೆ 1600 ಬಾರ್ ಮುಟ್ಟುವ ಒತ್ತಡ. ಅಂಥ ಒತ್ತಡದಲ್ಲಿ ಇಂಜೆಕ್ಟರನ್ನು ಥಟ್ಟನೆ ತೆರೆಯಲು ಬ್ಯಾಟರಿಯ 12 ವೋಲ್ಟ್ ಸಾಲದು. ಇಸಿಎಂ ತನ್ನೊಳಗಿನ ಕೆಪಾಸಿಟರುಗಳಲ್ಲಿ 60 ವೋಲ್ಟ್‌ಗೂ ಮೀರಿದ ವಿದ್ಯುತ್ತನ್ನು ಕೂಡಿಟ್ಟು ಒಂದೇ ಏಟಿಗೆ ಕೊಡುತ್ತದೆ. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರಿನ ವೈರಿಗೆ ಬರಿಗೈ ತಾಗಿಸಬೇಡಿ ಎಂದು ಕಸುಬಿನವರು ಹುಡುಗರಿಗೆ ಮೊದಲ ದಿನವೇ ಹೇಳುವುದು ಇದಕ್ಕೇ.

ಇಷ್ಟೆಲ್ಲ ಮಾಡುವ ಪೆಟ್ಟಿಗೆ ಗಟ್ಟಿಮುಟ್ಟಾದದ್ದು. ಅದು ಕೆಡುವುದು ಕಡಿಮೆ. ಅದಕ್ಕೆ ಅನ್ನ ನೀರು ಕೊಡುವ ವೈರಿಂಗ್ ಕೆಡುವುದೇ ಹೆಚ್ಚು. ಆದ್ದರಿಂದ ಒಳ್ಳೆಯ ಎಲೆಕ್ಟ್ರಿಷಿಯನ್ ಮೊದಲು ಫ್ಯೂಸು, ಮೇನ್ ರಿಲೇ, ಕೀಯಿಂದ ಬರುವ ಕರೆಂಟು, ಬಾಡಿ ಅರ್ಥ್ ಇಷ್ಟನ್ನೂ ನೋಡುತ್ತಾರೆ. ನೋಡುವ ರೀತಿಯಲ್ಲೇ ಅನುಭವ ತಿಳಿಯುತ್ತದೆ. ಹೊಸಬರು ಕಪ್ಲರ್ ಬಿಚ್ಚಿ ಮೀಟರ್ ಹಿಡಿಯುತ್ತಾರೆ, 12 ವೋಲ್ಟ್ ಕಂಡರೆ ಸಪ್ಲೈ ಸರಿಯಿದೆ ಎಂದುಬಿಡುತ್ತಾರೆ. ಆದರೆ ತುಕ್ಕು ತಿಂದು ಒಂದೇ ಎಳೆ ಉಳಿದ ವೈರೂ ಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕಿಲ್ಲದಷ್ಟು. ಪಳಗಿದವರು ಅದೇ ಜಾಗಕ್ಕೆ 21 ವ್ಯಾಟಿನ ಬಲ್ಬು ಸಿಕ್ಕಿಸುತ್ತಾರೆ. ವೈರು ಗಟ್ಟಿಯಿದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಒಳಗೆ ಕೊಳೆತಿದ್ದರೆ ಮಿಣುಕುತ್ತದೆ. ಅರ್ಥ್ ಪರೀಕ್ಷೆಯೂ ಹಾಗೆಯೇ. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂ ಅರ್ಥ್ ಪಿನ್ನಿಗೆ. ಸೆಲ್ಫ್ ಹೊಡೆಯುವಾಗ 0.1 ವೋಲ್ಟ್ ಆಸುಪಾಸಿನಲ್ಲಿದ್ದರೆ ಸರಿ, ಅದಕ್ಕಿಂತ ಬಹಳ ಮೀರಿದರೆ ಅರ್ಥ್ ಬಿಗಿಯಾಗಿಲ್ಲ.

ಮುಂದಿನದು 5 ವೋಲ್ಟಿನ ಪರೀಕ್ಷೆ. ರೈಲ್ ಪ್ರೆಷರ್ ಸೆನ್ಸರು, ಆಕ್ಸಿಲರೇಟರ್ ಪೆಡಲು, ಬೂಸ್ಟ್ ಸೆನ್ಸರು ಇವಕ್ಕೆಲ್ಲ ಇಸಿಎಂ ತನ್ನಿಂದಲೇ 5 ವೋಲ್ಟ್ ಕಳಿಸುತ್ತದೆ. ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಆ ಸಾಲಿನ ಎಲ್ಲದರ ಸಪ್ಲೈ ಕುಸಿಯುತ್ತದೆ. ಕೆಲವು ಗಾಡಿಗಳಲ್ಲಿ ಆಗ ಇಸಿಎಂ ಸ್ಕ್ಯಾನರಿಗೂ ಉತ್ತರಿಸುವುದಿಲ್ಲ, ಸತ್ತಂತೆಯೇ ಕಾಣುತ್ತದೆ. ಎಲೆಕ್ಟ್ರಿಷಿಯನ್ ಸೆನ್ಸರುಗಳ ಕಪ್ಲರನ್ನು ಒಂದೊಂದಾಗಿ ಬಿಚ್ಚುತ್ತಾ ಮೀಟರ್ ನೋಡುತ್ತಾರೆ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಕಳ್ಳ ಅದೇ. ದುಬಾರಿ ಇಸಿಎಂಗೆ ಬದಲು ಅಗ್ಗದ ಸೆನ್ಸರಿನಲ್ಲಿ ಗಾಡಿ ರಸ್ತೆಗಿಳಿಯುವುದು ಇಂಥ ತಾಳ್ಮೆಯಿಂದ.

ಮೂರನೆಯದು ಮಾತುಕತೆಯ ತಂತಿ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿನಲ್ಲಿ 6 ಮತ್ತು 14ನೇ ಪಿನ್ನುಗಳು ಸಾಮಾನ್ಯವಾಗಿ ಕ್ಯಾನ್ ತಂತಿಗಳದು, ಅಂದರೆ ಗಾಡಿಯ ಮಾಡ್ಯೂಲುಗಳು ಪರಸ್ಪರ ಮಾತಾಡುವ ತಂತಿಗಳದು. ಬ್ಯಾಟರಿ ಕಳಚಿ ಇವೆರಡರ ನಡುವೆ ಅಳೆದರೆ 60 ಓಮ್ ಬರಬೇಕು, ಏಕೆಂದರೆ ಸಾಲಿನ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇದೆ. 120 ಬಂದರೆ ಒಂದು ತುದಿ ಕಳಚಿದೆ. ಸೊನ್ನೆ ಬಂದರೆ ಎರಡು ತಂತಿಗಳು ಕೂಡಿಕೊಂಡಿವೆ, ಬಹುಶಃ ಇಲಿ ಕಡಿದ ಜಾಗದಲ್ಲಿ. ಸ್ಕ್ಯಾನರಿನಲ್ಲಿ ಬರುವ ಯು0100 ಎಂಬ ಕೋಡು ಇಸಿಎಂ ಸತ್ತಿದೆ ಎಂದು ಹೇಳುವುದಿಲ್ಲ, ಅದರೊಂದಿಗಿನ ಸಂಪರ್ಕ ತಪ್ಪಿದೆ ಎಂದಷ್ಟೇ ಹೇಳುತ್ತದೆ.

ಇಷ್ಟೂ ಸರಿಯಿದ್ದು, ಎಲ್ಲ ಸೆನ್ಸರ್ ಬಿಚ್ಚಿದ ಮೇಲೂ 5 ವೋಲ್ಟ್ ಹುಟ್ಟದಿದ್ದರೆ, ಅಥವಾ ಒಳಗಿನ ಪ್ರೊಸೆಸರ್ ದೋಷ ಹೇಳುವ ಪಿ0606 ಕೋಡು ಅಳಿಸಿದಷ್ಟೂ ಮರಳುತ್ತಿದ್ದರೆ, ಆಗ ಇಸಿಎಂ ಕೆಟ್ಟಿದೆ ಎನ್ನಬಹುದು. ಅಲ್ಲಿಗೂ ಒಳ್ಳೆಯ ಎಲೆಕ್ಟ್ರಿಷಿಯನ್ನರ ಪ್ರಶ್ನೆ ಮುಗಿಯುವುದಿಲ್ಲ: ಕೆಟ್ಟದ್ದು ಏಕೆ? ಬ್ಯಾಟರಿ ಕಳಚದೆ ಚಾಸಿಗೆ ವೆಲ್ಡಿಂಗ್ ನಡೆಯಿತೆ? ಜಂಪರ್ ಕೇಬಲ್ ತಿರುಗುಮುರುಗಾಯಿತೆ? ಪ್ರೆಷರ್ ನೀರಿನಲ್ಲಿ ಎಂಜಿನ್ ತೊಳೆದು ಕಪ್ಲರಿನೊಳಗೆ ಹಸಿರು ಕಿಲುಬು ಕಟ್ಟಿತೆ? ಆಲ್ಟರ್ನೇಟರ್ ಮಿತಿಮೀರಿ ಚಾರ್ಜ್ ಮಾಡುತ್ತಿದೆಯೆ? ಶಾರ್ಟ್ ಆದ ಇಂಜೆಕ್ಟರ್ ಹಳೆಯ ಇಸಿಎಂ ಸುಟ್ಟಿದ್ದರೆ ಹೊಸದನ್ನೂ ಸುಡುತ್ತದೆ. ಕಾರಣ ಸಿಗುವ ತನಕ ಹೊಸ ಪೆಟ್ಟಿಗೆಯ ಸೀಲ್ ಒಡೆಯದವರೇ ನಿಜವಾದ ಕಸುಬುದಾರರು.

ಬಿಚ್ಚಿ ಕೂರಿಸುವ ಕೆಲಸ ಸಣ್ಣದು. ಕೀ ಆಫ್ ಮಾಡಿ, ಮೇನ್ ರಿಲೇ ಬಿಡುವ ತನಕ ಕಾದು, ಬ್ಯಾಟರಿಯ ನೆಗೆಟಿವ್ ಕಳಚಬೇಕು. ಕೀ ತೆಗೆದ ಮೇಲೂ ಇಸಿಎಂ ಸ್ವಲ್ಪ ಹೊತ್ತು ಎಚ್ಚರವಿದ್ದು ಕಲಿತದ್ದನ್ನು ಬರೆದಿಟ್ಟುಕೊಳ್ಳುತ್ತದೆ. ಅವಸರ ಮಾಡಿದರೆ ಅದು ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಕಪ್ಲರಿನ ಲಿವರ್ ಎತ್ತಿ, ಬೋಲ್ಟ್ ಬಿಚ್ಚಿ, ಹೊಸದನ್ನು ಪಿನ್ನುಗಳಿಗೆ ಬೆರಳು ತಾಗಿಸದೆ ಕೂರಿಸುವುದು. ಮೈಯಲ್ಲಿನ ಸ್ಥಿರ ವಿದ್ಯುತ್ತು ಸಾಕು ಚಿಪ್ಪಿಗೆ ಪೆಟ್ಟಾಗಲು.

ಕಷ್ಟವಿರುವುದು ನೆನಪನ್ನು ದಾಟಿಸುವುದರಲ್ಲಿ. ಹಳೆಯ ಇಸಿಎಂನಲ್ಲಿ ಗಾಡಿಯ ಚಾಸಿ ನಂಬರು, ಕಳ್ಳತನ ತಡೆಯುವ ಇಮೊಬಿಲೈಜರ್ ಇದ್ದರೆ ಕೀಯ ಗುರುತು, ಒಂದೊಂದು ಇಂಜೆಕ್ಟರಿನ ಕೋಡು ಎಲ್ಲವೂ ಇವೆ. ಇಂಜೆಕ್ಟರುಗಳು ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ ತಯಾರಾಗುತ್ತವೆ. ಆ ವ್ಯತ್ಯಾಸವನ್ನು ಕೋಡಾಗಿಸಿ ಇಂಜೆಕ್ಟರಿನ ತಲೆಯ ಮೇಲೆ ಅಚ್ಚೊತ್ತಿರುತ್ತಾರೆ. ಯಾವ ಸಿಲಿಂಡರಿಗೆ ಯಾವುದು ಎಂದು ಸರಿಯಾಗಿ ಬರೆಯದಿದ್ದರೆ ಎಂಜಿನ್ ಐಡಲಿನಲ್ಲಿ ಕುಲುಕುತ್ತದೆ, ಹೊಗೆ ಉಗುಳುತ್ತದೆ. ಹಳೆಯದು ಸ್ವಲ್ಪವಾದರೂ ಉತ್ತರಿಸುತ್ತಿದ್ದರೆ ಮೊದಲೇ ಈ ಮಾಹಿತಿ ಓದಿಟ್ಟುಕೊಳ್ಳುತ್ತಾರೆ. ಪೂರ್ತಿ ಸತ್ತಿದ್ದರೆ ಪೆಟ್ಟಿಗೆ ತೆರೆದು ಮೆಮೊರಿ ಚಿಪ್ಪಿನಿಂದಲೇ ಓದುವವರೂ ಇದ್ದಾರೆ. ಗುಜರಿಯಿಂದ ತಂದ ಇಸಿಎಂ ನೇರವಾಗಿ ಹೊಂದಿಕೊಳ್ಳದಿರುವುದೂ ಇದರಿಂದಲೇ: ಮೇಲಿನ ಪಾರ್ಟ್ ನಂಬರ್ ಕೂಡಿದರೂ ಒಳಗಿರುವುದು ಬೇರೊಂದು ಗಾಡಿಯ ನೆನಪು. ಹೊಸದಕ್ಕೆ ಲ್ಯಾಪ್‌ಟಾಪಿನಿಂದ ಸಾಫ್ಟ್‌ವೇರ್ ಹಾಕುವಾಗ ಬ್ಯಾಟರಿಗೆ ಚಾರ್ಜರ್ ಆಸರೆ ಇರಲೇಬೇಕು. ನಡುವೆ ವೋಲ್ಟೇಜ್ ಬಿದ್ದರೆ ಹೊಸ ಇಸಿಎಂ ಕೂಡ ಕೆಲಸಕ್ಕೆ ಬಾರದಾದೀತು. ಇದೇ ಲ್ಯಾಪ್‌ಟಾಪಿನಲ್ಲಿ ಹೊಗೆ ಸೋಸುವ ಫಿಲ್ಟರಿನ ಲೆಕ್ಕವನ್ನೇ ಅಳಿಸಿಬಿಡಿ ಎಂದು ಕೇಳುವ ಗಿರಾಕಿಗಳೂ ಬರುತ್ತಾರೆ. ಅದು ಕಾನೂನಿಗೆ ವಿರುದ್ಧ, ಊರಿನ ಗಾಳಿಗೂ ಕೇಡು. ಒಲ್ಲೆ ಎನ್ನುವುದೂ ಕಸುಬಿನ ಭಾಗವೇ.

ಕೊನೆಗೆ ಕೀ ಆನ್. ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವು ತನ್ನ ತುದಿ ಮೊದಲುಗಳನ್ನು ಕಲಿಯಲು ಬಿಟ್ಟು, ಸೆಲ್ಫ್ ಹೊಡೆಯುತ್ತಾ ರೈಲಿನ ಒತ್ತಡ ನೋಡುತ್ತಾರೆ. ಸಾಮಾನ್ಯವಾಗಿ 200 ಬಾರ್ ಆಸುಪಾಸಿಗೆ ಏರದೆ ಇಸಿಎಂ ಇಂಜೆಕ್ಟರ್ ತೆರೆಯುವುದಿಲ್ಲ. ಏರಿತು, ಎಂಜಿನ್ ಹಿಡಿಯಿತು ಎಂದ ಮೇಲೂ ಚಾರ್ಜಿಂಗ್ 14 ವೋಲ್ಟಿನ ಹತ್ತಿರವಿದೆಯೆ ಎಂದು ನೋಡಿ, ಕೋಡು ಅಳಿಸಿ, ಲೋಡಿನೊಂದಿಗೆ ಏರಿನಲ್ಲಿ ಓಡಿಸಿ, ಮತ್ತೊಮ್ಮೆ ಸ್ಕ್ಯಾನರ್ ಹಾಕುತ್ತಾರೆ.

ಇಷ್ಟರಲ್ಲಿ ಪಾರ್ಟ್ ಬದಲಿಸಿದ್ದು ಒಂದು ಸಲ, ಪರೀಕ್ಷಿಸಿದ್ದು ಹತ್ತಾರು ಸಲ. ನಾವು ಮಾತ್ರ ಪಾರ್ಟಿಗೆ ಬಿಲ್ ಕೇಳದೆ ದುಡ್ಡು ಕೊಡುತ್ತೇವೆ, ಪರೀಕ್ಷೆಗೆ ಕೂಲಿ ಕೇಳಿದರೆ "ಏನೂ ಬದಲಿಸಿಲ್ಲವಲ್ಲ" ಎಂದು ಮುಖ ಗಂಟಿಕ್ಕುತ್ತೇವೆ. ನಿಮ್ಮ ಗಾಡಿಯ ಇಸಿಎಂ ಹೋಗಿದೆ ಎಂದು ಯಾರಾದರೂ ಹೇಳಿದರೆ, ಸಪ್ಲೈ, ಅರ್ಥ್, 5 ವೋಲ್ಟ್ ನೋಡಿದಿರಾ, ಕೆಟ್ಟದ್ದಕ್ಕೆ ಕಾರಣ ಸಿಕ್ಕಿತಾ ಎಂದು ಕೇಳಿ. ಉತ್ತರ ಸರಿಯಾಗಿ ಬಂದರೆ ಅವರನ್ನು ನಂಬಿ. ಎಲ್ಲ ಪರೀಕ್ಷೆ ಮುಗಿಸಿ "ಇಸಿಎಂ ಸರಿಯಿದೆ, ಅರ್ಥ್ ವೈರ್ ಕೊಳೆತಿತ್ತು" ಎಂದು ಹೇಳುವವರು ಸಿಕ್ಕರೆ, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.