ಸಣ್ಣ ಗಾಳಿಯಂತ್ರ: ಕೊಳ್ಳುವ ಮುನ್ನ ಗಾಳಿ ಅಳೆಯಿಸಿ

ನಮ್ಮ ಸದಸ್ಯರ ಮಕ್ಕಳಲ್ಲಿ ಹಲವರು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದಾರೆ. ಪದವಿಗೆ ಮುನ್ನ ಇವರು ಇಂಟರ್ನ್‌ಶಿಪ್, ಅಂದರೆ ಕೆಲಸದ ಜಾಗದಲ್ಲೇ ತರಬೇತಿ ಪಡೆಯಬೇಕು. ಇದಕ್ಕಾಗಿ ಸಣ್ಣ ಗಾಳಿಯಂತ್ರಗಳ ಕ್ಷೇತ್ರವನ್ನು ಆರಿಸಿಕೊಳ್ಳುವವರೂ ಉಂಟು. ಅಲ್ಲಿ ಅವರು ಕಲಿಯುವ ಮೊದಲ ಪಾಠ ಹಾಲು ಉತ್ಪಾದಕರಿಗೂ ಬೇಕಾದದ್ದೇ. ಡೀಸೆಲ್ ಖರ್ಚು ಉಳಿಸಲು ಸಂಘದ ಮಾಳಿಗೆಯ ಮೇಲೆ ಗಾಳಿಯಂತ್ರ ಹಾಕಿಸಬೇಕೆನ್ನುವ ಆಡಳಿತ ಮಂಡಳಿಯವರು ಇದನ್ನು ತಿಳಿದಿರಬೇಕು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. 2 ಮೀಟರ್ ವ್ಯಾಸದ ಚಕ್ರವಿರುವ ಯಂತ್ರ, ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಯಲ್ಲಿ ಸುಮಾರು 120 ವಾಟ್ ಕೊಟ್ಟೀತು. ಅದೇ ಯಂತ್ರ 3 ಮೀಟರ್ ವೇಗದಲ್ಲಿ ಕೊಡುವುದು 15 ವಾಟ್ ಮಾತ್ರ. ಯಂತ್ರದ ಮೇಲೆ ಬರೆದಿರುವ "1 ಕಿಲೋವಾಟ್" ಸಾಮಾನ್ಯವಾಗಿ 10ರಿಂದ 12 ಮೀಟರ್ ವೇಗಕ್ಕೆ ಹೇಳಿದ ಲೆಕ್ಕ. ಅಂಥ ಗಾಳಿ ನಮ್ಮ ಮಾಳಿಗೆಗಳ ಮೇಲೆ ಎಷ್ಟು ದಿನ ಬೀಸುತ್ತದೆ?

ಹಾಲಿನ ಲೆಕ್ಕಕ್ಕೇ ಬರೋಣ. 1,000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ತಂಪುಮಾಡಲು ಸುಮಾರು 12ರಿಂದ 15 ಯೂನಿಟ್ ವಿದ್ಯುತ್ ಬೇಕು. ಮೇಲೆ ಹೇಳಿದ ಯಂತ್ರ ಹಗಲೂ ರಾತ್ರಿ 6 ಮೀಟರ್ ಗಾಳಿ ಸಿಕ್ಕರೂ ದಿನಕ್ಕೆ 3 ಯೂನಿಟ್ ಮುಟ್ಟುವುದಿಲ್ಲ. 3 ಮೀಟರ್ ಗಾಳಿಯಲ್ಲಂತೂ ಅರ್ಧ ಯೂನಿಟ್ಟೂ ಇಲ್ಲ. ಆದ್ದರಿಂದ ಬಿ.ಎಂ.ಸಿ. ನಡೆಸುವ ಆಸೆ ಬಿಡಬೇಕು. ತೂಕದ ಯಂತ್ರ, ಫ್ಯಾಟ್ ಪರೀಕ್ಷೆಯ ಯಂತ್ರ, ಎರಡು ದೀಪ ಇಷ್ಟಕ್ಕೆ ಬ್ಯಾಟರಿ ತುಂಬಿಸಿಕೊಳ್ಳುವುದು ಒಳ್ಳೆಯ ಗಾಳಿಯಿರುವ ಕಡೆ ಸಾಧ್ಯ.

ಒಳ್ಳೆಯ ಗಾಳಿ ಇದೆಯೇ ಎಂದು ತಿಳಿಯುವುದು ಹೇಗೆ? ಇಲ್ಲಿ ವಿದ್ಯಾರ್ಥಿಯ ಕೆಲಸ ಬರುತ್ತದೆ. ಯಂತ್ರ ನಿಲ್ಲಿಸಬೇಕಾದ ಎತ್ತರದಲ್ಲೇ ಕಂಬ ನೆಟ್ಟು, ವೇಗಮಾಪಕ ಕಟ್ಟಿ, ಹತ್ತು ನಿಮಿಷಕ್ಕೊಮ್ಮೆಯ ಸರಾಸರಿಯನ್ನು ದಾಖಲಿಸಬೇಕು. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕ್ಷೆಗಳಿವೆ ನಿಜ, ಆದರೆ ಅವು ದೊಡ್ಡ ಯಂತ್ರಗಳ ಎತ್ತರಕ್ಕೆ ಮಾಡಿದವು. ನೆಲದ ಹತ್ತಿರ ಗಾಳಿ ನಿಧಾನ.

ವಿದ್ಯಾರ್ಥಿ ಜೂನ್-ಜುಲೈನಲ್ಲಿ ಬಂದರೆ ಎಚ್ಚರ ಬೇಕು. ಆಷಾಢದ ಗಾಳಿಯನ್ನು ಹನ್ನೆರಡರಿಂದ ಗುಣಿಸಿದರೆ ವರ್ಷದ ಲೆಕ್ಕವಾಗದು. ಹಸುವಿನ ಸೂಲಿನ ಇಳುವರಿಯನ್ನು ನಾವು 305 ದಿನಕ್ಕೆ ಲೆಕ್ಕ ಹಾಕುತ್ತೇವೆ. ಜಾತ್ರೆಯಲ್ಲಿ ಒಂದು ಹೊತ್ತು ಕರೆಯದೆ ಕೆಚ್ಚಲು ತುಂಬಿಸಿ ನಿಲ್ಲಿಸಿದ ಹಸುವನ್ನು ನೋಡಿ ಯಾರೂ ಬೆಲೆ ಕಟ್ಟಬಾರದು, ಅಲ್ಲವೇ? ಹುಡುಗ ಅಥವಾ ಹುಡುಗಿ ಕಾಲೇಜಿಗೆ ಮರಳಿದ ಮೇಲೂ ಸಂಘದವರೇ ಉಪಕರಣವನ್ನು ವರ್ಷ ಪೂರ್ತಿ ನೋಡಿಕೊಂಡರೆ ಲೆಕ್ಕ ಸರಿಬರುತ್ತದೆ.

ಗೋಪುರದ ವಿಷಯ ಇನ್ನೊಂದು. ಸುತ್ತ 500 ಅಡಿಯೊಳಗಿನ ಮರ, ಕಟ್ಟಡಗಳಿಗಿಂತ ಚಕ್ರ 30 ಅಡಿ ಮೇಲಿರಬೇಕು. ಇಲ್ಲವಾದರೆ ಸುಳಿಗಾಳಿ ಹೊಡೆದು ರೆಕ್ಕೆ, ಬೇರಿಂಗ್ ಎರಡೂ ಬೇಗ ಹಾಳಾಗುತ್ತವೆ. 60 ಅಡಿಯ ತೆಂಗಿನ ತೋಟದ ಪಕ್ಕದಲ್ಲಿ ಇದು 90 ಅಡಿಯ ಮಾತಾಗುತ್ತದೆ. ಅಷ್ಟರಲ್ಲಿ ಗೋಪುರದ ಖರ್ಚೇ ಯಂತ್ರದ ಬೆಲೆಯನ್ನು ಮೀರಬಹುದು. ಅಂಥ ಕಡೆ ಸೌರಫಲಕವೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಕೊಟ್ಟಿಗೆಯ ಚಾವಣಿಗೆ ಕಂಬ ಕಟ್ಟಬೇಡಿ, ಅದುರುವಿಕೆ ಗೋಡೆಗೆ ಇಳಿಯುತ್ತದೆ. ಗೋಪುರಕ್ಕೆ ಅರ್ಥಿಂಗ್ ಮಾಡಿಸಿ. ಅದನ್ನು ಎಳೆದು ಕಟ್ಟಿದ ತಂತಿಗಳ ಸುತ್ತ ಬೇಲಿ ಹಾಕಿ, ದನಗಳನ್ನು ಆ ತಂತಿಗೆ ಕಟ್ಟದಂತೆ ಆಳುಗಳಿಗೆ ಹೇಳಿಡಿ.